ಚೆನ್ನಾಗಿ ಕಾಣಬಾರದ ಬಣ್ಣ

ಸರ್ಕಾರದ ಲಕೋಟೆ ಬಂದದ್ದು ಒಂದು ಸೋಮವಾರ. ಅವತ್ತು ಮಗಳ ಎರಡು ಜಡೆಗಳಲ್ಲಿ ಒಂದನ್ನು ನಾನು ಹೆಣೆದು, ಇನ್ನೊಂದನ್ನು ಅತ್ತೆಯ ಕೈಗೆ ಕೊಟ್ಟು, ಕಾಲಿಗೆ ಒಂದು ಚಪ್ಪಲಿ ಸಿಕ್ಕಿಸಿಕೊಂಡು ಇನ್ನೊಂದನ್ನು ಗೇಟಿನ ಹತ್ತಿರ ಸಿಕ್ಕಿಸಿಕೊಂಡು ಪ್ರೆಸ್ಸಿಗೆ ಓಡಿದ್ದೆ. ಲಕೋಟೆಯೊಳಗೆ ಕಪ್ಪು ಕಾಗದದಲ್ಲಿ ಸುತ್ತಿದ, ಬೆಂಕಿಪೊಟ್ಟಣದಷ್ಟು ಅಗಲದ ಬಣ್ಣದ ಚೀಟಿ ಇತ್ತು. ಬೆಳಕಿಗೆ ಹೆಚ್ಚು ಹೊತ್ತು ಒಡ್ಡಬಾರದು, ಬೆರಳು ತಾಗಿಸಬಾರದು ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಾವ ಅದನ್ನು ಬಣ್ಣದ ಕೋಣೆಯ ಬಿಳಿ ದೀಪದ ಕೆಳಗೆ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ನನ್ನ ಕಡೆ ತಿರುಗಿದರು.

"ಏನಮ್ಮಾ ಇದು? ಯಾರ ಹೊಟ್ಟೆ ಕೆಟ್ಟಿತ್ತು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದು ಹಸಿರೂ ಅಲ್ಲ, ಕಂದೂ ಅಲ್ಲ. ಹಸಿರಾಗಲು ಹೊರಟು ದಾರಿಯಲ್ಲಿ ಬೇಸರವಾಗಿ ಕೂತುಬಿಟ್ಟ ಕಂದು. ಜೊತೆಗಿದ್ದ ಆದೇಶದಲ್ಲಿ ವಿವರ ಇತ್ತು. ಇನ್ನು ಮುಂದೆ ಯಾವ ಕಂಪನಿಯ ಸಿಗರೇಟಾಗಲಿ, ಪೊಟ್ಟಣಕ್ಕೆ ಇದೊಂದೇ ಬಣ್ಣ. ಹೆಸರು ಕೆಳಗೆ ಒಂದೇ ಸಾಲಿನಲ್ಲಿ, ಎಲ್ಲರಿಗೂ ಒಂದೇ ಬಗೆಯ ಅಕ್ಷರದಲ್ಲಿ. ಉಳಿದ ಜಾಗವೆಲ್ಲ ಎಚ್ಚರಿಕೆಯ ಚಿತ್ರಕ್ಕೆ. ನೂರಾರು ಬಣ್ಣಗಳನ್ನು ಜನರ ಮುಂದಿಟ್ಟು, ಯಾರಿಗೂ ಬೇಡವಾದದ್ದನ್ನು ಹೆಕ್ಕಿ ತೆಗೆದಿದ್ದರಂತೆ.

"ಬೇಡವಾದ್ದನ್ನ ಹುಡುಕೋಕೆ ನೂರಾರು ಬಣ್ಣ ಯಾಕೆ? ನನ್ನ ಕೇಳಿದ್ರೆ ನಿಂತಲ್ಲೇ ಹೇಳ್ತಿದ್ದೆ," ಎಂದರು ಮಾವ.

ನಮ್ಮದು ಪೊಟ್ಟಣ, ಡಬ್ಬಿ, ರಟ್ಟಿನ ಪೆಟ್ಟಿಗೆ ಮುದ್ರಿಸುವ ಪ್ರೆಸ್ಸು. ಬೇರೆ ಪ್ರೆಸ್ಸುಗಳಲ್ಲಿ ಬಣ್ಣ ಡ್ರಮ್ಮುಗಳಲ್ಲಿ ತಯಾರಾಗಿ ಬರುತ್ತದೆ. ಮುಚ್ಚಳ ತೆಗೆದು ಸುರಿದರಾಯಿತು. ನಮ್ಮಲ್ಲಿ ಮಾತ್ರ ಬಣ್ಣ ಬೆರೆಸಲು ಒಂದು ಕೋಣೆ, ಅದರಲ್ಲಿ ಒಂದು ಗಾಜಿನ ಹಾಸು, ಒಂದು ತಕ್ಕಡಿ, ಗೋಡೆಯುದ್ದಕ್ಕೂ ತಗಡಿನ ಡಬ್ಬಗಳು, ಮತ್ತು ಮಾವ. ಇಪ್ಪತ್ತಾರು ವರ್ಷದಿಂದ ಒಂದೇ ಸಿಗರೇಟು ಕಂಪನಿಯ ಕೆಂಪನ್ನು ಬೆರೆಸಿದವರು ಅವರು. ಆ ಕೆಂಪು ಅಂಗಡಿಯ ಹಲಗೆಯ ಮೇಲಿದ್ದರೆ ರಸ್ತೆಯ ಆಚೆಯಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಮಾವ ಒಂದು ದಿನವೂ ಸಿಗರೇಟು ಸೇದಿದವರಲ್ಲ. "ಒಳಗೇನು ತುಂಬ್ತಾರೋ ಅದು ಅವರ ಹಣೆಬರಹ, ಹೊರಗಿನ ಬಣ್ಣ ನಂದು," ಎನ್ನುತ್ತಿದ್ದರು. ನಾನು ಏಳು ವರ್ಷದಿಂದ ಅವರ ಕೈಕೆಳಗೆ. ನನ್ನ ಗಂಡ ಬಸ್ಸು ಓಡಿಸುತ್ತಾನೆ. ಅಪ್ಪನ ವಿದ್ಯೆ ಮಗನಿಗೆ ಹತ್ತಲಿಲ್ಲ, ಸೊಸೆಗೆ ಬಂತು. ಬಂತು ಎಂದು ನಾನು ಹೇಳುತ್ತೇನೆ. ಮಾವ ಹೇಳುವುದು ಬೇರೆ.

"ಅಳತೆ ಸರಿ ಇದೆ, ಕೈ ಸ್ವಚ್ಛ ಇದೆ, ಎಲ್ಲಾ ಇದೆ. ಆದ್ರೆ ನಿನ್ನ ಬಣ್ಣಕ್ಕೆ ಜೀವ ಇಲ್ಲಮ್ಮಾ."

ಒಂದೇ ಚೀಟಿ ನೋಡಿ, ಒಂದೇ ತಕ್ಕಡಿಯಲ್ಲಿ ತೂಗಿ, ಒಂದೇ ಡಬ್ಬಗಳಿಂದ ತೆಗೆದು ಬೆರೆಸಿದರೂ ಅವರ ಕೆಂಪು ನಗುತ್ತಿತ್ತು, ನನ್ನ ಕೆಂಪು ಹಾಜರಿ ಕೂಗಿದಾಗ ಕೈಯೆತ್ತುವ ಮಗುವಿನಂತೆ ಸುಮ್ಮನೆ ಇರುತ್ತಿತ್ತು. ಹಾಗಾಗಿ ಏಳು ವರ್ಷವೂ ಕೊನೆಯ ಕೈ ಅವರದೇ. ಆ ವರ್ಷದ ಕೊನೆಗೆ ಅವರು ನಿವೃತ್ತರಾಗಬೇಕಿತ್ತು. ಆಮೇಲೆ ಕೋಣೆ ನನಗೆ ಎಂದು ಪ್ರೆಸ್ಸಿನ ಯಜಮಾನರು ಬಾಯಿಮಾತಿಗೆ ಹೇಳಿದ್ದರು. ಬಾಯಿಮಾತು ಎಷ್ಟು ದಿನದ್ದೋ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಈ ಹೊಸ ಬಣ್ಣ ಬಂದ ಮೇಲೆ ಅದೂ ತೂಗಾಡತೊಡಗಿತು. ಇದನ್ನು ಮುದ್ರಿಸಲು ಪ್ರತಿ ಪ್ರೆಸ್ಸೂ ಮಾದರಿ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಮೂರು ಅವಕಾಶ, ಅಷ್ಟೇ. ಚೀಟಿಗೂ ಮಾದರಿಗೂ ಎಷ್ಟು ವ್ಯತ್ಯಾಸ ಎಂದು ಒಂದು ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಸೊನ್ನೆ ಬಂದರೆ ಎರಡೂ ಒಂದೇ. ಒಂದೂವರೆಯವರೆಗೆ ಪಾಸು. ಅದರಾಚೆ ನಪಾಸು.

ನಮ್ಮ ಮೊದಲನೆಯ ಮಾದರಿಗೆ ಮೂರು ಬಂತು. ಷರಾ: "ನಿಗದಿತ ಬಣ್ಣಕ್ಕಿಂತ ಆಕರ್ಷಕ."

ಮಾವ ಆ ಕಾಗದವನ್ನು ನಾಲ್ಕು ಸಲ ಓದಿದರು. "ಬೈದಿದಾರೋ ಹೊಗಳಿದಾರೋ?"

"ಫೇಲ್ ಮಾಡಿದಾರೆ ಮಾವ."

ಎರಡನೆಯದನ್ನು ಅವರು ಉಸಿರು ಬಿಗಿಹಿಡಿದು ಬೆರೆಸಿದರು. ಎರಡೂಕಾಲು ಬಂತು. ಷರಾ: "ಇನ್ನೂ ಆಕರ್ಷಕ."

ಯಜಮಾನರು ಕೋಣೆಯ ಬಾಗಿಲಲ್ಲೇ ನಿಂತರು. ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿ ಹೇಳುವಾಗ ಒಳಗೆ ಬರುವುದಿಲ್ಲ. "ನೋಡಿ, ಇನ್ನೊಂದೇ ಚಾನ್ಸು. ಮುಂದಿನ ಗುರುವಾರ ಅವರೇ ಬರ್ತಾರಂತೆ, ಇಲ್ಲೇ ನಿಂತು ನೋಡ್ತಾರಂತೆ. ಅದೂ ಹೋದ್ರೆ ನಾನೂ ಎಲ್ಲರ ಹಾಗೆ ಡ್ರಮ್ಮು ತರಿಸ್ತೀನಿ. ಈ ಕೋಣೆ..." ಎಂದು ಕೋಣೆಯನ್ನೊಮ್ಮೆ ನೋಡಿ, "ಸಾಮಾನು ಇಡೋಕೆ ಜಾಗ ಬೇಕೇ ಬೇಕು," ಎಂದರು. ನನ್ನ ಕಡೆ ತಿರುಗಿ, "ನಿಮಗೇನೂ ತೊಂದರೆ ಇಲ್ಲಮ್ಮಾ, ಪ್ಯಾಕಿಂಗ್ ಟೇಬಲ್ಲಲ್ಲಿ ಯಾವಾಗ್ಲೂ ಜನ ಬೇಕು," ಎಂದರು.

ಏಳು ವರ್ಷ ಉಗುರಿನ ಸಂದಿಯ ಬಣ್ಣ ಕೆರೆದು ಕೆರೆದು ಕಲಿತದ್ದು ಇನ್ನು ಅಂಟುಪಟ್ಟಿ ಹರಿಯುವುದಕ್ಕೆ.

ಆ ಸಂಜೆ ಮಾವ ತಾವು ಬೆರೆಸಿದ ಬಣ್ಣ ಹಚ್ಚಿದ ಒಂದು ಹಾಳೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರು. "ಇದರಲ್ಲಿ ಆಕರ್ಷಕ ಏನಿದೆ, ನೀವೇ ಹೇಳಿ."

ಅತ್ತೆ ಕೈ ಒರೆಸಿಕೊಂಡು ಬಂದು ನೋಡಿದರು. ಮದುವೆಯಾದ ನಲವತ್ತು ವರ್ಷದಲ್ಲಿ ಗಂಡ ಬೆರೆಸಿದ ಒಂದೇ ಒಂದು ಬಣ್ಣವನ್ನೂ ಅವರು ಹೊಗಳಿರಲಿಲ್ಲ. ಕೆಂಪನ್ನಂತೂ "ಎಷ್ಟು ಜನರ ಎದೆ ಕೆಮ್ಮಿಸ್ತೀರೋ" ಎಂದೇ ನೋಡುತ್ತಿದ್ದರು. ಈಗ ಹಾಳೆಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಗೋಡೆಗೆ ಹಿಡಿದು ನೋಡಿದರು. ಸೋಫಾದ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಈ ಬಣ್ಣದಲ್ಲಿ ಪರದೆ ಬಟ್ಟೆ ಸಿಗುತ್ತಾ?"

ಮಾವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

"ನಿಜವಾಗ್ಲೂ ಕೇಳ್ತಿದೀನಿ," ಎಂದರು ಅತ್ತೆ. "ಕೊಳೆ ಕಾಣಲ್ಲ, ಗಾಂಭೀರ್ಯವಾಗಿದೆ. ನೀವು ಮಾಡಿದ್ರಲ್ಲಿ ಇದೊಂದು ಮನೆಗೆ ಹೊಂದುತ್ತೆ."

ನನ್ನ ಏಳು ವರ್ಷದ ಮಗಳು ಮೂಗು ತೂರಿಸಿದಳು. "ಅಮ್ಮಾ, ದುಬಾರಿ ಚಾಕಲೇಟು ಹೀಗೇ ಇರುತ್ತೆ. ಒಳಗೆ ಏನೇ ಇದ್ರೂ ನಂಗೊಂದು ಬೇಕು."

ಎಲ್ಲರೂ ನಕ್ಕೆವು, ಮಾವ ಬಿಟ್ಟು. ನಾನೂ ನಕ್ಕೆ, ಆದರೆ ನಗುತ್ತಿದ್ದಾಗಲೇ ಆ ಹಾಳೆಯಲ್ಲಿ ಏನೋ ಕಂಡಿತು. ಕಂದಿನ ಕೆಳಗೆ ಎಲ್ಲೋ ಒಂದು ಬೆಚ್ಚನೆಯ ಮಿನುಗು, ಪರದೆಯ ಹಿಂದೆ ದೀಪ ಹಚ್ಚಿಟ್ಟ ಹಾಗೆ. ಲೆಕ್ಕದ ಪ್ರಕಾರ ಅಲ್ಲಿ ಅದು ಇರಬಾರದಿತ್ತು.

ಮಾರನೆಯ ದಿನ ಮಾವ ಅಭ್ಯಾಸಕ್ಕೆಂದು ಮತ್ತೆ ಬೆರೆಸುವಾಗ ನಾನು ಡಬ್ಬ ಜೋಡಿಸುವ ನೆವದಲ್ಲಿ ಅವರ ಕೈಯನ್ನೇ ನೋಡುತ್ತ ನಿಂತೆ. ಅವರು ಮೊದಲು ಹಳದಿಯನ್ನು ತೂಗಿದರು. ಅಗಲ ಬಾಯಿಯ ಬಣ್ಣದ ಚಾಕುವನ್ನು ಬಟ್ಟೆಗೆ ಒಂದು ಸಲ, ಒಂದೇ ಸಲ, ನೆಪಕ್ಕೆ ಎಳೆದರು. ಕಪ್ಪು ತೂಗಿದರು, ಕೆಂಪು ತೂಗಿದರು, ಗಾಜಿನ ಮೇಲೆ ಎಲ್ಲವನ್ನೂ ಕಲೆಸಿದರು. ಎಲ್ಲ ಮುಗಿದ ಮೇಲೆ ಚಾಕುವನ್ನು ಹಳದಿ ಡಬ್ಬದ ಅಂಚಿಗೆ ಒರಗಿಸಿ, ಸೊಂಟಕ್ಕೆ ಕೈಯಿಟ್ಟು, ತಲೆ ವಾಲಿಸಿ, ಬಣ್ಣವನ್ನು ದಿಟ್ಟಿಸಿದರು. ಮತ್ತೆ ಅದೇ ಚಾಕುವನ್ನೆತ್ತಿ ಕೊನೆಯ ಎರಡು ಸುತ್ತು ತಿರುವಿದರು. ಡಬ್ಬದ ಅಂಚಿನ ಹಳದಿ ಉಗುರಿನ ಚೂರಿನಷ್ಟು ಚಾಕುವಿಗೆ ಅಂಟಿ, ಬಣ್ಣದೊಳಗೆ ಹೋಗಿ ಮಾಯವಾಯಿತು.

ನಾನು ಡಬ್ಬ ಹಿಡಿದುಕೊಂಡೇ ನಿಂತುಬಿಟ್ಟೆ.

ಜೀವ ಅಂದರೆ ಇದು! ಏಳು ವರ್ಷ ನಾನು ಯಾವುದಕ್ಕಾಗಿ ಕಣ್ಣೀರಿಟ್ಟಿದ್ದೆನೋ ಆ ಜೀವ, ಒರೆಸದ ಚಾಕು! ಅವರಿಂದ ಕಲಿತ ಮೊದಲನೆಯ ಪಾಠವೇ "ಚಾಕು ಮೂರು ಸಲ ಒರೆಸು" ಎನ್ನುವುದು. ನಾನು ಒರೆಸುತ್ತಿದ್ದೆ, ಕನ್ನಡಿಯಾಗುವ ಹಾಗೆ. ಹೇಳಿದ್ದನ್ನು ಕೇಳಿ ನಾನು ಕೆಟ್ಟೆ, ಹೇಳಿದವರು ಕೇಳದೆ ಮೆರೆದರು.

ಆದರೆ ಇದನ್ನು ಮಾವನಿಗೆ ಹೇಳುವುದು ಹೇಗೆ? ಇಪ್ಪತ್ತಾರು ವರ್ಷದ ಕೈಚಳಕಕ್ಕೆ "ನಿಮ್ಮ ಚಾಕು ಕೊಳಕು" ಎನ್ನುವುದು ಹೇಗೆ? ಎರಡು ದಿನ ನಾನು ಮಾತನ್ನು ನಾಲಿಗೆಯ ತುದಿಗೆ ತಂದು, ಮತ್ತೆ ನುಂಗಿ, ಅದರ ಬದಲು "ಕಾಫಿ ಕುಡೀತೀರಾ?" ಎಂದು ಕೇಳಿದೆ. ಎರಡನೆಯ ದಿನ ಆರು ಸಲ ಕೇಳಿದೆ ಎಂದು ಕಾಣುತ್ತದೆ. "ಏನಮ್ಮಾ, ನನ್ನ ಹೊಟ್ಟೇಲಿ ಕೆರೆ ಕಟ್ಟಿಸ್ತೀಯಾ?" ಎಂದರು.

ಕೊನೆಗೆ ನನ್ನನ್ನು ಉಳಿಸಿದವನು ಅತ್ತರು.

ಅತ್ತರು ಎಂದರೆ ಸಿಗರೇಟು ಕಂಪನಿಯ ಜಾಹೀರಾತಿನ ಅಧಿಕಾರಿ. ಅವನು ಬರುವ ಎರಡು ನಿಮಿಷ ಮೊದಲೇ ಅವನ ಪರಿಮಳ ಬರುತ್ತಿತ್ತು, ಅದಕ್ಕೇ ಪ್ರೆಸ್ಸಿನವರೆಲ್ಲ ಇಟ್ಟ ಹೆಸರು. ಬುಧವಾರ ಬಂದವನು ಬಣ್ಣದ ಕೋಣೆಯ ಏಕೈಕ ಕುರ್ಚಿಯಲ್ಲಿ ಕೂತು, ಮಾವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

"ಹಿರಿಯರೇ, ನಾನು ಕೆಲಸಕ್ಕೆ ಸೇರಿದಾಗ ನಮಗೆ ಟೀವಿ ಇತ್ತು. ಕುದುರೆ, ಸಮುದ್ರ, ಸೂರ್ಯಾಸ್ತ! ಟೀವಿ ಹೋಯ್ತು, ಪತ್ರಿಕೆಗೆ ಬಂದ್ವಿ. ಅದನ್ನೂ ಕಿತ್ಕೊಂಡ್ರು, ಗೋಡೆಗೆ ಬಂದ್ವಿ. ಗೋಡೆಗೆ ಸುಣ್ಣ ಬಳಿಸಿದ್ರು, ಅಂಗಡಿ ಬೋರ್ಡಿಗೆ ಬಂದ್ವಿ. ಬೋರ್ಡು ಇಳಿಸಿದ್ರು. ಆಟದ ಮೈದಾನದಿಂದ ಓಡಿಸಿದ್ರು. ಈಗ ಉಳಿದಿರೋದು ಇಷ್ಟು," ಎಂದು ತನ್ನ ಅಂಗೈ ತೋರಿಸಿದ. "ಒಂದು ಪೊಟ್ಟಣ. ಅದಕ್ಕೂ ಈ ಕೆಸರು ಬಳಿತಾರಂತೆ."

"ಕೆಸರಿಗೆ ಅವಮಾನ ಮಾಡ್ಬೇಡಿ," ಎಂದರು ಮಾವ.

"ಆದ್ರೆ ನಿಮ್ಮ ಮಾದರಿ ನೋಡಿದೆ ನಾನು! ಎರಡೂ ನೋಡಿದೆ. ಆಹಾ! ಅದೇ ಕೆಸರು, ಆದ್ರೆ ಒಳಗಿಂದ ಒಂದು ಹೊಳಪು. ಅಂಗಡೀಲಿ ಎಲ್ಲಾ ಕಂಪನಿದೂ ಸಾಲಾಗಿ ಇಟ್ಟಿರ್ತಾರೆ, ಎಲ್ಲಾ ಸತ್ತಂಗಿರುತ್ತೆ, ನಮ್ದೊಂದು ಮಾತ್ರ ಸ್ವಲ್ಪ ಉಸಿರಾಡ್ತಿರುತ್ತೆ. ನೋಡೋರಿಗೆ ಯಾಕೆ ಅಂತ ಗೊತ್ತಾಗಲ್ಲ, ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಇದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ ಸ್ವಾಮಿ?" ಅವನು ದನಿ ಇಳಿಸಿದ. "ಒಂದೂವರೆಯೊಳಗೆ ಇರ್ಲಿ, ಸಾಕು. ನೀವು ಹಾಕ್ತೀರಲ್ಲ ಆ ಹಳದಿ, ಅದನ್ನ ಅರ್ಧ ಮಾಡಿ. ಪಾಸೂ ಆಗುತ್ತೆ, ಹೊಳಪೂ ಉಳಿಯುತ್ತೆ."

ಮಾವ ಕೈ ಬಿಡಿಸಿಕೊಂಡರು. "ಯಾವ ಹಳದಿ?"

"ಅಯ್ಯೋ, ನಮ್ಮ ಹತ್ರ ಯಾಕೆ ಮುಚ್ಚುಮರೆ? ನಮ್ಮ ಲ್ಯಾಬಲ್ಲಿ ನೋಡಿದ್ವಿ. ಲೆಕ್ಕಕ್ಕಿಂತ ಒಂದು ಚೂರು ಹಳದಿ ಜಾಸ್ತಿ. ಇಪ್ಪತ್ತಾರು ವರ್ಷದ ಕೆಂಪಲ್ಲೂ ಇದೆಯಂತೆ. ನಿಮ್ಮ ಗುಟ್ಟು!"

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. "ನೀನು ಹಾಕಿದ್ಯಾ?"

"ಇಲ್ಲ ಮಾವ."

"ಮತ್ತೆ?"

ಕಾಫಿ ಕುಡೀತೀರಾ ಎಂದು ಕೇಳಲು ಬಾಯಿ ತೆರೆದೆ. ಆದರೆ ಬಂದದ್ದು ಬೇರೆ. "ನಿಮ್ಮ ಚಾಕು ಮಾವ. ನೀವು ಅದನ್ನ ಒರೆಸಲ್ಲ."

ಅತ್ತರಿನವನ ಪರಿಮಳ ಕೂಡ ಒಂದು ಕ್ಷಣ ನಿಂತ ಹಾಗಾಯಿತು. ಮಾವ ಹೋಗಿ ಹಳದಿ ಡಬ್ಬದ ಅಂಚನ್ನು ನೋಡಿದರು. ಚಾಕುವನ್ನು ದೀಪಕ್ಕೆ ಹಿಡಿದರು. ಅವರ ಕಿವಿಯಂಚು ಕೆಂಪಾಯಿತು, ಕಂಪನಿಯ ಕೆಂಪಿಗಿಂತ ಒಂದು ಕೈ ಹೆಚ್ಚೇ.

"ನೀವಿನ್ನು ಹೊರಡಿ," ಎಂದರು ಅವನಿಗೆ.

"ಹಿರಿಯರೇ, ಅರ್ಧ ಮಾತ್ರ..."

"ನನಗೆ ಒಂದು ಬಣ್ಣ ಕೊಟ್ಟು ಇದನ್ನ ಮಾಡು ಅಂದಿದಾರೆ. ನಾನು ಎರಡು ಸಲ ಬೇರೇದನ್ನ ಮಾಡಿ ಕೊಟ್ಟಿದೀನಿ. ಕಲಿಯೋರು ಮಾಡೋ ತಪ್ಪು ಅದು. ಇನ್ನು ಬೇಕು ಅಂತಲೇ ಮಾಡು ಅಂತೀರಲ್ಲ, ನನ್ನ ಏನಂದ್ಕೊಂಡಿದೀರಿ?"

ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಊಟಕ್ಕೆ ಕೂತಾಗ ಅತ್ತೆಯೇ ಕೇಳಿದರು, ನಾನು ತಲೆ ತಗ್ಗಿಸಿ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಮುಚ್ಚಿಕೊಳ್ಳಲಾರದೆ ಬಿಟ್ಟರು.

"ಇದರಲ್ಲಿ ಹೊಸದೇನಿದೆ? ಮದುವೆಯಾದಾಗಿನಿಂದ ಸಕ್ಕರೆ ಚಮಚ ಉಪ್ಪಿನ ಡಬ್ಬಕ್ಕೆ, ಉಪ್ಪಿನ ಚಮಚ ಸಕ್ಕರೆ ಡಬ್ಬಕ್ಕೆ! ನಲವತ್ತು ವರ್ಷ ನನ್ನ ಕಾಫಿಗೆ 'ಏನೋ ಒಂದು ವಿಶೇಷ ರುಚಿ ಇದೆ ಕಣೇ' ಅಂತ ಹೊಗಳಿದ್ರಲ್ಲ, ಅದೂ ನಿಮ್ಮ ಕೈಚಳಕವೇ!"

ಮಾವ ತುತ್ತು ಹಿಡಿದ ಕೈಯನ್ನು ನೋಡಿಕೊಂಡರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಎಲ್ಲ. ಕಣ್ಣಿನಲ್ಲಿ ನೀರು ಬರುವ ತನಕ ನಕ್ಕರು. ಮಗಳಿಗೆ ಏನೂ ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

"ನಾಳೆ ನೀನು ಬೆರೆಸು," ಎಂದರು ನನಗೆ, ಮೂಗು ಒರೆಸಿಕೊಳ್ಳುತ್ತ. "ಈ ಕೈಯನ್ನ ನಂಬೋ ಹಾಗಿಲ್ಲ. ಬೇಕು ಅಂತ ಒರೆಸಿದ್ರೂ ಎಲ್ಲೋ ಒಂದು ಕಡೆ ತಾಗಿಸಿಬಿಡುತ್ತೆ. ಅಭ್ಯಾಸಬಲ."

ಗುರುವಾರ ಹತ್ತು ಗಂಟೆಗೆ ಸರ್ಕಾರದ ಅಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಒಂದು ಕೈಯಲ್ಲಿ ಯಂತ್ರದ ಪೆಟ್ಟಿಗೆ, ಇನ್ನೊಂದರಲ್ಲಿ ನೀರಿನ ಬಾಟಲಿ. ನಗುವನ್ನು ಕಚೇರಿಯಲ್ಲೇ ಬಿಟ್ಟು ಬಂದ ಮುಖ. ಅವರ ಹಿಂದೆಯೇ ಅತ್ತರು ಬಂದ. ಯಜಮಾನರು ಎಂದಿನಂತೆ ಬಾಗಿಲಲ್ಲಿ. ಅವರ ಭುಜದ ಮೇಲಿಂದ ಇಣುಕುತ್ತಿದ್ದವನು ಮುದ್ರಣಯಂತ್ರ ಓಡಿಸುವ ಗುಡುಗು. ಆ ಸದ್ದಿನಲ್ಲಿ ಕೂಗಿ ಕೂಗಿ ಈಗ ಗುಟ್ಟು ಹೇಳಿದರೂ ಅವನ ದನಿ ಬೀದಿಗೆ ಕೇಳುತ್ತದೆ. ಕೋಣೆಯೊಳಗೆ ಅಧಿಕಾರಿ ಅಡಿಯಿಡುತ್ತಿದ್ದ ಹಾಗೆ ಮಾವ ಹೋಗಿ ಮೂಲೆಯ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು.

"ಅವರಿಗೆ ಹುಷಾರಿಲ್ವಾ?" ಎಂದು ಕೇಳಿದರು ಅಧಿಕಾರಿ.

"ಕೈಗೆ ಮಾತ್ರ," ಎಂದರು ಮಾವ.

ನಾನು ಹಳದಿ ತೂಗಿದೆ. ತಕ್ಕಡಿಯ ಅಂಕಿ ನಿಲ್ಲುವ ತನಕ ಉಸಿರಾಡಲಿಲ್ಲ. ಕಪ್ಪು ತೂಗಿದೆ, ಕೆಂಪು ತೂಗಿದೆ. ನಡುವೆ ಯಜಮಾನರ ಫೋನು ಬಡಿದುಕೊಂಡಿತು. ಗುಡುಗು ಗುಟ್ಟಾಗಿ "ಅಕ್ಕಾ, ಗಾಬರಿಯಾಗ್ಬೇಡಿ!" ಎಂದ, ನಾನು ಬೆಚ್ಚಿಬಿದ್ದೆ. ಅತ್ತರಿನ ಪರಿಮಳಕ್ಕೆ ಮೂಗು ತುರಿಸಿ ಸೀನು ಬರುವ ಹಾಗಾಯಿತು, ತಡೆದುಕೊಂಡೆ. ಗಾಜಿನ ಮೇಲೆ ಬಣ್ಣ ಕಲೆಸಿದೆ, ಹಾಳೆಗೆ ಎಳೆದೆ, ಒಣಗಿಸಿದೆ, ಅಧಿಕಾರಿಯ ಕೈಗಿಟ್ಟೆ.

ಯಂತ್ರ ಕಿಚಕ್ಕೆಂದಿತು.

"ಒಂದು ಪಾಯಿಂಟು ನಾಲ್ಕು," ಎಂದರು ಅಧಿಕಾರಿ. "ಪಾಸು."

ಯಜಮಾನರು ಕೊನೆಗೂ ಬಾಗಿಲು ಬಿಟ್ಟು ಕೋಣೆಯೊಳಗೆ ಬಂದರು. ಗುಡುಗು ಹುರ್ರೇ ಎಂದದ್ದಕ್ಕೆ ಗಾಜಿನ ಹಾಸು ನಡುಗಿತು. ಅತ್ತರು ಎಲ್ಲರಿಗಿಂತ ಹೆಚ್ಚು ಖುಷಿಯಲ್ಲಿದ್ದ. ಹಾಳೆಯನ್ನು ನೋಡಿ, ನನ್ನನ್ನು ನೋಡಿ, ಒಂದು ಕಣ್ಣು ಸಣ್ಣಗೆ ಮುಚ್ಚಿದ. ಆ ಕಣ್ಣು ನೋಡಿ ನಾನು ತಟ್ಟನೆ ಹಿಂದೆ ತಿರುಗಿದೆ. ಚಾಕುವನ್ನು ನೋಡಿದೆ. ಅದು ಹಳದಿ ಡಬ್ಬದ ಅಂಚಿಗೆ ಒರಗಿಕೊಂಡಿತ್ತು. ತುದಿಯಲ್ಲಿ ಉಗುರಿನ ಚೂರಿನಷ್ಟು ಹಳದಿ.

ನಾನು ಒರೆಸಿರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ.

ಮೂಲೆಯತ್ತ ನೋಡಿದೆ. ಮಾವ ಚಾಕುವನ್ನು ನನಗಿಂತ ಮೊದಲೇ ನೋಡಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡವರ ಹಾಗೆ ಬಾಯಿ ಅಗಲವಾಗಿ ತೆರೆದುಕೊಂಡಿತ್ತು.

"ಬಂತು!" ಎಂದರು. "ಬಂತಲ್ಲಮ್ಮಾ ನಿನ್ನ ಕೈಗೆ ಜೀವ! ಬರೋ ಹೊತ್ತು ನೋಡಿ ಬಂತು!"

ಯಾರಿಗೂ ಅರ್ಥವಾಗಲಿಲ್ಲ. ಅಧಿಕಾರಿ ಆಗಲೇ ಮುದ್ರೆಯ ಡಬ್ಬಿ ತೆಗೆದಿದ್ದರು. ಕೋಣೆ ಉಳಿಯಿತು, ನನ್ನ ಕೆಲಸ ಉಳಿಯಿತು, ಅದಕ್ಕೆ ಬೇಕಿದ್ದದ್ದು ಆ ಮುದ್ರೆ ಕಾಗದದ ಮೇಲೆ ಬೀಳುವುದು ಮಾತ್ರ. ನಾನು ಸುಮ್ಮನಿದ್ದರೆ ಸಾಕಿತ್ತು. ಚೀಟಿಯೂ ಹಾಳೆಯೂ ದೀಪದ ಕೆಳಗೆ ಅಕ್ಕಪಕ್ಕ ಬಿದ್ದಿದ್ದವು. ಚೀಟಿ ಸತ್ತಿತ್ತು. ಹಾಳೆ ಸಣ್ಣಗೆ ಉಸಿರಾಡುತ್ತಿತ್ತು. ಒಳಗೆ ಏನೇ ಇದ್ದರೂ ನನಗೊಂದು ಬೇಕು ಎಂದು ಮೇಜಿನ ಮೇಲೆ ಗಲ್ಲ ಊರಿದ ಮಗಳ ಮುಖ ಕಣ್ಣಮುಂದೆ ಬಂತು.

"ಮೇಡಂ, ಒಂದ್ನಿಮಿಷ. ಇದು ಸರಿಯಿಲ್ಲ."

"ಪಾಸಾಗಿದೆಯಲ್ಲಮ್ಮಾ?"

"ಪಾಸಾಗಿದೆ, ಆದ್ರೆ ಬಣ್ಣ ಅದಲ್ಲ. ನಂದೇ ತಪ್ಪು, ಚಾಕು ಒರೆಸಿಲ್ಲ. ಇನ್ನೊಂದ್ಸಲ ಮಾಡ್ತೀನಿ."

"ನಿಯಮ ಗೊತ್ತಲ್ಲ? ಮುದ್ರೆ ಬೀಳೋ ಮುಂಚೆ ವಾಪಸ್ ತಗೋಬಹುದು, ಆದ್ರೆ ತಗೊಂಡ್ರೆ ಇದು ಹೋಯ್ತು. ಮುಂದೆ ಬರೋ ಅಂಕಿಯೇ ಲೆಕ್ಕಕ್ಕೆ. ಒಂದೂವರೆ ದಾಟಿದ್ರೆ ಮುಗೀತು."

"ಅಯ್ಯಯ್ಯೋ, ಯಾಕಮ್ಮಾ!" ಎಂದರು ಯಜಮಾನರು. ಬಂದಷ್ಟೇ ಬೇಗ ಮತ್ತೆ ಬಾಗಿಲಿಗೆ ಹೋಗಿದ್ದರು.

"ಕೊಟ್ಟಿದ್ದನ್ನ ಬೇಡ ಅನ್ನೋರುಂಟಾ?" ಎಂದ ಅತ್ತರು. ಅವನ ದನಿಯಲ್ಲಿ ಮೊದಲಿನ ಜೇನು ಇರಲಿಲ್ಲ. "ಹಿರಿಯರೇ, ನೀವಾದ್ರೂ ಹೇಳಿ ನಿಮ್ಮ ಸೊಸೆಗೆ."

"ನನ್ನ ಕೈಗೆ ಹುಷಾರಿಲ್ಲ, ಬಾಯಿಗೂ ಇಲ್ಲ," ಎಂದು ಮಾವ ಚಾವಣಿ ನೋಡಿದರು.

ನಾನು ಚಾಕು ಒರೆಸಿದೆ. ಒಂದು, ಎರಡು, ಮೂರು. ಗುಡುಗು ಬಾಗಿಲಲ್ಲಿ ನಿಂತು ನನ್ನ ಜೊತೆ ಎಣಿಸಿದ. ಹಳೆಯ ಬಣ್ಣ ಕೆರೆದು ಬಿಸಾಡಿ, ಗಾಜು ತೊಳೆದು, ಮತ್ತೆ ಹಳದಿ ತೂಗಿದೆ. ಒರೆಸಿದೆ. ಕಪ್ಪು. ಒರೆಸಿದೆ. ಕೆಂಪು. ಒರೆಸಿದೆ. ಕಲೆಸುತ್ತ ಹೋದಂತೆ ಅದು ಮಂಕಾಗುತ್ತ, ಮುನಿಸಿಕೊಳ್ಳುತ್ತ, ಕೊನೆಗೆ ಯಾರ ಮುಖವನ್ನೂ ನೋಡದೆ ಗೋಡೆಗೆ ತಿರುಗಿ ಮಲಗಿದ ಹಾಗಾಯಿತು. ಚಾಕುವನ್ನು ಕೆಳಗಿಡಲೇ ಇಲ್ಲ, ಎಲ್ಲಿಟ್ಟರೆ ಏನಾದೀತೋ ಎಂದು. ಒಂದೇ ಕೈಯಲ್ಲಿ ಬಣ್ಣವನ್ನು ಹಾಳೆಗೆ ಎಳೆದೆ.

ಅಧಿಕಾರಿ ಯಂತ್ರ ಇಟ್ಟರು. ಕಿಚಕ್. ಅಂಕಿ ನೋಡಿದರು. ಯಂತ್ರವನ್ನು ಒಮ್ಮೆ ತಟ್ಟಿ ಮತ್ತೆ ಇಟ್ಟರು. ಕಿಚಕ್. ಆಮೇಲೆ ಹಾಳೆಯನ್ನು ಎತ್ತಿ ಕಣ್ಣಿನ ಹತ್ತಿರ ತಂದರು. ಅವರ ಮುಖ ನಿಂಬೆಹುಳಿ ನೆಕ್ಕಿದ ಹಾಗೆ ಕಿವುಚಿಕೊಂಡಿತು, ಅದೇ ಕಿವುಚಿನೊಳಗಿಂದ ಒಂದು ನಗು ಹೊರಟಿತು.

"ಥೂ! ಎಷ್ಟು ಕೆಟ್ಟದಾಗಿದೆ!" ಎಂದರು. "ಸೊನ್ನೆ ಪಾಯಿಂಟು ಒಂದು. ಹದಿನೇಳು ಪ್ರೆಸ್ಸು ನೋಡಿದೀನಿ ಕಣಮ್ಮಾ, ಇಷ್ಟು ಅಸಹ್ಯವಾಗಿ ಯಾರೂ ಮಾಡಿಲ್ಲ!"

ನನಗೆ ಯಾರೂ ಯಾವತ್ತೂ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಮುದ್ರೆ ದಪ್ಪೆಂದು ಬಿತ್ತು. ಹಾಳೆ ಕೈಯಿಂದ ಕೈಗೆ ಹೋಯಿತು, ನೋಡಿದವರೆಲ್ಲ ಮುಖ ಸಿಂಡರಿಸಿ ನನ್ನ ಬೆನ್ನು ತಟ್ಟಿದರು. ಪ್ಯಾಕಿಂಗ್ ಟೇಬಲ್ಲಿನ ಹೆಂಗಸರು ಬಂದು ನೋಡಿ "ಇಶ್ಶೀ, ಚಿನ್ನದಂಥ ಕೈ!" ಎಂದರು. ಗುಡುಗು ದಿನಕ್ಕೆ ಒಂದು ಪೊಟ್ಟಣ ಸೇದುವವನು. ಅವನು ಹಾಳೆಯನ್ನು ಅಂಗಿಯ ಜೇಬಿಗೆ ಹಿಡಿದು ನೋಡಿಕೊಂಡ. "ಅಕ್ಕಾ, ಇದನ್ನ ಜೇಬಲ್ಲಿ ಇಟ್ಕೊಂಡು ಯಾರ ಮುಂದೆ ಹೋಗಲಿ? ಬಿಟ್ಟುಬಿಡೋದೇ ವಾಸಿ!" ಎಂದ. ಅಧಿಕಾರಿ ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡ ಹಾಗಿತ್ತು. ಅತ್ತರು ಯಾವಾಗ ಹೋದನೋ ಗೊತ್ತಾಗಲಿಲ್ಲ. ಪರಿಮಳ ಮಾತ್ರ ಇನ್ನೂ ಸ್ವಲ್ಪ ಹೊತ್ತು ಇತ್ತು.

ಯಜಮಾನರು ಕೆಮ್ಮಿದರು. "ಹಾಗಾದ್ರೆ ಡ್ರಮ್ಮು ಬೇಡ. ಕೋಣೆ..." ಎಂದು ಮಾವನನ್ನು ನೋಡಿದರು.

"ನನ್ನ ಕಡೆ ಯಾಕೆ ನೋಡ್ತೀರಿ? ಕೋಣೆ ಅವಳದ್ದು. ಇವತ್ತಿಂದಲೇ. ನಾನಿನ್ನು ವರ್ಷದ ಕೊನೆ ತನಕ ಅವಳ ಡಬ್ಬ ಎತ್ತಿಡ್ತೀನಿ." ತೊಡೆಯ ಕೆಳಗಿಂದ ಕೈ ತೆಗೆದು ಕೊಡವಿದರು, ಎರಡೂ ಜೋಮು ಹಿಡಿದಿದ್ದವು. "ಚಾಕು ಮಾತ್ರ ಮುಟ್ಟಲ್ಲ. ಅವಳು ಬಿಡೋದೂ ಇಲ್ಲ."

ಮಧ್ಯಾಹ್ನ ಮೊದಲ ಕಂತಿನ ಬಣ್ಣ ಯಂತ್ರಕ್ಕೆ ಏರಿತು. ನಮ್ಮ ಪ್ರೆಸ್ಸಿನಲ್ಲಿ ಹೊಸ ಬಣ್ಣ ಓಡುವಾಗ ಬೆರೆಸಿದವರು ಯಂತ್ರದ ಬಾಯಿಯ ಹತ್ತಿರ ನಿಂತು "ಬಿಡಿ" ಎಂದು ಕೂಗಬೇಕು. ಅಲ್ಲಿಯ ತನಕ ಗುಂಡಿ ಒತ್ತುವ ಹಾಗಿಲ್ಲ. ಗುಡುಗು ಅಭ್ಯಾಸದಂತೆ ಮಾವನ ಕಡೆ ನೋಡಿದ. ಮಾವ ನನ್ನ ಕಡೆ ನೋಡಿದರು. ಸಾಲಾಗಿ ನಿಂತವರೆಲ್ಲ ನನ್ನ ಕಡೆ ನೋಡಿದರು. ಅಷ್ಟು ಜನರ ಮುಂದೆ ಕೂಗಿ ಗೊತ್ತಿಲ್ಲದ ಗಂಟಲು, ಬೆಳಿಗ್ಗೆ ಮಗಳನ್ನು ಎಬ್ಬಿಸಲು ಕೂಗಿದ್ದೇ ಅದರ ಸಾಧನೆ.

ಅದೇ ದನಿಯಲ್ಲಿ ಕೂಗಿದೆ.

"ಬಿಡೀ!"

ಗುಡುಗು ಕೂಡ ಕಿವಿ ಮುಚ್ಚಿಕೊಂಡ. ಯಂತ್ರ ಗಡಗಡನೆ ಹೊರಳಿತು. ಹಾಳೆಯ ಮೇಲೆ ಹಾಳೆ, ಹಾಳೆಯ ಮೇಲೆ ಹಾಳೆ, ಯಾರಿಗೂ ಬೇಡವಾದ ಆ ಬಣ್ಣ ಒಂದು ಚೂರೂ ಮಿನುಗದೆ ಬಂದು ಬೀಳತೊಡಗಿತು, ಮಾವ ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆದರು.